ನೂರ ಇಪ್ಪತ್ತೈದು ಮಿಲಿಲೀಟರ್ ನೀಲಿ

ಬೆಳಗಿನ ಆರು ಗಂಟೆ. ಬಣ್ಣದಂಗಡಿಯ ಹಿಂದಿನ ಕೋಣೆಯಲ್ಲಿ ಹನಿಯಕ್ಕ ಗಾಜಿನ ಅಳತೆಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆತ್ತಿ, ಉಸಿರು ಬಿಗಿಹಿಡಿದು, ನೀಲಿಯ ಕೊನೆಯ ತೊಟ್ಟನ್ನು ಬಿಡುತ್ತಾರೆ. ಧ್ಯಾನಕ್ಕೆ ಕುಳಿತವರ ಮುಖದಲ್ಲಿ ಕಾಣುವ ನಿಶ್ಚಲತೆ ಆ ಮುಖದಲ್ಲಿದೆ. ಹೆತ್ತವರಿಟ್ಟ ಹೆಸರು ಬೇರೆ. ಪೇಂಟರುಗಳ ಬಾಯಲ್ಲಿ ಮಾತ್ರ ಅವರು ಹನಿಯಕ್ಕ.

ಪೇಂಟರಾಗಿದ್ದ ಪತಿ ಏಣಿಯಿಂದ ಬಿದ್ದು ನಡು ಮುರಿದುಕೊಂಡ ವರ್ಷ ಅವರು ಇಲ್ಲಿಗೆ ಡಬ್ಬ ತೊಳೆಯಲು ಬಂದರು. ಹನ್ನೊಂದು ವರ್ಷಗಳಾದವು. ಈಗ ದಿನಕ್ಕೆ ನಲವತ್ತು ಡಬ್ಬಗಳಿಗೆ ಬಣ್ಣ ಕೂಡಿಸುವವರು ಅವರೇ. ತೊಡಕೆಂದರೆ, ಬಣ್ಣದ ಸೂತ್ರಗಳಿರುವ ಪುಸ್ತಕ ಅಮೆರಿಕದ ಗ್ಯಾಲನ್ ಮತ್ತು ಔನ್ಸುಗಳಲ್ಲಿದೆ. ಡಬ್ಬಗಳು ನಾಲ್ಕು ಲೀಟರಿನವು.

“ಗ್ಯಾಲನ್ ಅಂದ್ರೆ ನಾಲ್ಕು ಲೀಟರ್ ಅಂತ ಎಲ್ರೂ ಕಣ್ಮುಚ್ಕೊಂಡು ಹೇಳ್ತಾರೆ. ಇರೋದು ಮೂರು ಲೀಟರು, ಏಳುನೂರ ಎಂಬತ್ತೈದು ಮಿಲಿ. ಉಳಿದಿದ್ದನ್ನ ಯಾರು ಕುಡಿದ್ರು?” ಎಂದು ನಗುತ್ತಾರೆ.

ಕಳೆದ ತಿಂಗಳು ಈ ಕೆಲಸವೇ ಕೈತಪ್ಪುವುದರಲ್ಲಿತ್ತು. ಆಸ್ಪತ್ರೆಯೊಂದರ ಉದ್ದನೆಯ ಪಡಸಾಲೆಗೆ ಮೇಸ್ತ್ರಿಯೊಬ್ಬರು ಬೇರೆ ಅಂಗಡಿಯ ತಿಳಿನೀಲಿಯನ್ನು ಅರ್ಧದವರೆಗೆ ಬಳಿಸಿದ್ದರು. ಅಲ್ಲಿ ಸರಕು ಮುಗಿದಾಗ, ಅದೇ ಸೂತ್ರದ ಚೀಟಿಯನ್ನು ಇಲ್ಲಿಗೆ ತಂದರು. ಹನಿಯಕ್ಕ ಕೂಡಿಸಿದ ಬಣ್ಣ ಗೋಡೆಗೇರಿದಾಗ ಎರಡು ಅರ್ಧಗಳ ನಡುವೆ ಗೆರೆ ಎಳೆದಂತಾಯಿತು.

“ಏನಕ್ಕಾ, ಕಣ್ಣು ಮಂಜಾಯ್ತಾ? ನಾಡಿದ್ದು ಆಸ್ಪತ್ರೆ ಬಾಗಿಲು ತೆಗೀತಾರೆ!” ಎಂದು ಮೇಸ್ತ್ರಿ ಕೂಗಾಡಿದರು. ಅಂಗಡಿಯ ಯಜಮಾನರು, “ತಪ್ಪು ನಿಂದಾದ್ರೆ ನಾಳೆಯಿಂದ ಮತ್ತೆ ಡಬ್ಬ ತೊಳಿಬೇಕಾಗುತ್ತಮ್ಮ” ಎಂದುಬಿಟ್ಟರು.

ಹನಿಯಕ್ಕ ಮತ್ತೆ ಚೀಟಿ ನೋಡಿದರು: ಒಂದು ಗ್ಯಾಲನ್ನಿಗೆ ನಾಲ್ಕು ಔನ್ಸ್ ನೀಲಿ, ಅಂದರೆ ನೂರ ಹದಿನೆಂಟು ಮಿಲಿಲೀಟರ್. ನಾಲ್ಕು ಲೀಟರಿನ ಡಬ್ಬಕ್ಕೆ ನೂರ ಇಪ್ಪತ್ತೈದು ಬೇಕು. ಅವರು ಹಾಕಿದ್ದೂ ಅಷ್ಟೇ. ಆಚೆ ಅಂಗಡಿಯವರು ಡಬ್ಬವನ್ನೇ ಗ್ಯಾಲನ್ನೆಂದು ಭಾವಿಸಿ ನೂರ ಹದಿನೆಂಟನ್ನೇ ಹಾಕಿರಬೇಕೆಂದು ಅವರಿಗೆ ಹೊಳೆಯಿತು.

ಬೇಕೆಂದೇ ನೂರ ಹದಿನೆಂಟು ಹಾಕಿ ಒಂದು ಡಬ್ಬ ಕಲಸಿ, ಅದನ್ನು ಹೊತ್ತು ಆಸ್ಪತ್ರೆಗೆ ನಡೆದರು. ಆಚೆ ಅಂಗಡಿಯ ಬಣ್ಣದ ಮಸುಕಾದ ಅರ್ಧದ ಮೇಲೆ ಅಂಗೈಯಗಲ ಬಳಿದು, ಒಣಗುವವರೆಗೆ ನೆಲದ ಮೇಲೆ ಕುಳಿತರು.

“ಈಗ ನಾನು ಬಳಿದಿದ್ದೆಲ್ಲಿ, ತೋರಿಸಿ ಮೇಸ್ತ್ರಿಗಳೇ.”

ಮೇಸ್ತ್ರಿ ಗೋಡೆಗೆ ಮೂಗು ತಾಗಿಸಿ ಹುಡುಕಿದರು. ಸಿಗಲಿಲ್ಲ. ಆಸ್ಪತ್ರೆಯವರು ಆರಿಸಿಕೊಟ್ಟಿದ್ದ ಬಣ್ಣದ ಮಾದರಿ ಚೀಟಿಯನ್ನು ಹನಿಯಕ್ಕ ತಮ್ಮ ಅರ್ಧಕ್ಕೆ ಹಿಡಿದರು. ಅದು ಗೋಡೆಯಲ್ಲಿ ಕರಗಿಹೋದಂತಿತ್ತು. “ತಪ್ಪಾಯ್ತು ಕಣಕ್ಕಾ” ಎಂದ ಮೇಸ್ತ್ರಿ, ಮಸುಕಾದ ಅರ್ಧಕ್ಕೆ ಹನಿಯಕ್ಕನ ಬಣ್ಣವನ್ನೇ ಮತ್ತೊಂದು ಕೈ ಬಳಿಯಲು ಆಳುಗಳನ್ನು ಕರೆದರು. ಹೇಳಿದ ದಿನಕ್ಕೇ ಆಸ್ಪತ್ರೆಯ ಬಾಗಿಲು ತೆರೆಯಿತು.

ಇಂದು ಆ ಮೇಸ್ತ್ರಿ ಬೇರೆ ಯಾರು ಕೂಡಿಸಿದ ಡಬ್ಬವನ್ನೂ ಮುಟ್ಟುವುದಿಲ್ಲ. ಯಜಮಾನರು ಹಿಂದಿನ ಕೋಣೆಯ ಬೀಗದ ಕೈಯನ್ನೇ ಹನಿಯಕ್ಕನ ವಶಕ್ಕೆ ಕೊಟ್ಟಿದ್ದಾರೆ. ಇನ್ನೇನು ಬಯಕೆಯೆಂದು ಕೇಳಿದರೆ, ನೀಲಿ ಮೆತ್ತಿದ ಬೆರಳುಗಳನ್ನು ಒರೆಸಿಕೊಳ್ಳುತ್ತ ಅವರು ಹೇಳುವುದಿಷ್ಟು:

“ಆ ಆಸ್ಪತ್ರೆ ಪಡಸಾಲೇಲಿ ದಿನಾ ನೂರಾರು ಜನ ಓಡಾಡ್ತಾರೆ. ಒಬ್ರೂ ಆ ಗೋಡೆ ಕಡೆ ತಿರುಗಿ ನೋಡಲ್ಲ. ಹಂಗೇ ಇರಲಿ.”