ಬೋರಯ್ಯನ ಹಿಂದಿನ ಸಾಲು

ಮಲೇಷ್ಯಾದ ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಬೋರಯ್ಯನ ಕೆಲಸ ಕಂಟೇನರುಗಳಿಗೆ ಜಾಗ ಹೊಂದಿಸುವುದು. ಮೊದಲು ಹೊರಡುವ ಪೆಟ್ಟಿಗೆ ಮೇಲಿರಬೇಕು, ಕೊನೆಗೆ ಹೊರಡುವುದು ಅಡಿಯಲ್ಲಿರಬೇಕು. ಯಾವುದು ಯಾವಾಗ ಹೊರಡುತ್ತದೆಂದು ತಿಳಿಯದೆ ಪೇರಿಸಿದರೆ ಎಲ್ಲವನ್ನೂ ಇಳಿಸಿ ಮತ್ತೆ ಪೇರಿಸಬೇಕಾಗುತ್ತದೆ. ಆ ಕೆಲಸದಲ್ಲಿ ಅವನು ತಪ್ಪುವುದು ಅಪರೂಪ. ಭಾನುವಾರಗಳಲ್ಲಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಕಾವೇರಿ ಇಲೆವೆನ್ ಎಂಬ ಫುಟ್‌ಬಾಲ್ ತಂಡದ ಹಿಂದಿನ ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಹೊಂದಿಸುತ್ತಿದ್ದ.

ತಂಡಕ್ಕೆ ಆ ಹೆಸರಿಟ್ಟವರು ಮುಂದಿನ ಸಾಲಿನ ತಮಿಳರು. ಹಿಂದಿನ ಸಾಲು ಪೂರ್ತಿ ಕನ್ನಡದವರದು. "ನೀರಂತೂ ಬಿಡಲ್ಲ, ಗೋಲನ್ನೂ ಬಿಡಬೇಡಿ" ಎಂದು ಅವರು ಪ್ರತಿ ಆಟಕ್ಕೂ ಮುಂಚೆ ಛೇಡಿಸುತ್ತಿದ್ದರು. ಸೋತ ದಿನ ಅದೇ ಮಾತಿನಿಂದ ಬೈಯುತ್ತಿದ್ದರು.

ಬೋರಯ್ಯ ಬೆಂಗಳೂರಿನ ಆಸ್ಟಿನ್ ಟೌನಿನವನು. ಒಂದು ಕಾರ್ಖಾನೆಯ ತಂಡದಲ್ಲಿ ಆಡಿಕೊಂಡಿದ್ದು, ಕಾರ್ಖಾನೆ ಮುಚ್ಚಿದ ಮೇಲೆ ಈ ಕೆಲಸ ಹಿಡಿದು ಮಲೇಷ್ಯಾಕ್ಕೆ ಬಂದ. ಹೆಂಡತಿ, ಮಗಳು ಬೆಂಗಳೂರಿನಲ್ಲೇ ಉಳಿದರು. ಬಂದ ಮೊದಲ ವಾರವೇ ಬಂದರಿನ ಹಿಂದಿನ ಮೈದಾನದಲ್ಲಿ ಅವನಿಗೆ ಅನಂತಕೃಷ್ಣ ಸಿಕ್ಕಿದ. ಮಂಗಳೂರಿನವನು, ಎಡಗಾಲಿನ ಆಟಗಾರ, ಕಸ್ಟಮ್ಸ್ ಕಾಗದಪತ್ರ ನೋಡುವ ಗುಮಾಸ್ತ. ಅಂದಿನಿಂದ ಬೋರಯ್ಯ ಬಲ ಸ್ಟಾಪರ್, ಅನಂತಕೃಷ್ಣ ಎಡ ಸ್ಟಾಪರ್. ಇಬ್ಬರೂ ಗೋಲಿನ ಮುಂದೆ ಒಂದೇ ಬಾಗಿಲಿನ ಎರಡು ಕದಗಳಂತೆ ನಿಂತರು. ಒಬ್ಬ ಮುಂದೆ ನುಗ್ಗಿದರೆ ಇನ್ನೊಬ್ಬ ಹೇಳಿಸಿಕೊಳ್ಳದೆ ಹಿಂದೆ ಸರಿಯುತ್ತಿದ್ದ.

ಆ ಸಾಲಿಗೆ ಒಂದು ಕ್ರಮವಿತ್ತು. ವೀಸಾ ಮುಗಿದವರು ಊರಿಗೆ ಹೊರಟುಬಿಡುತ್ತಿದ್ದರು, ಕೆಲಸ ಬದಲಾದವರು ಸಿಂಗಪುರಕ್ಕೋ ದುಬೈಗೋ ಹೋಗುತ್ತಿದ್ದರು. ಹೋಗುವವನು ತನ್ನ ಜಾಗವನ್ನು ಹಾಗೇ ಬಿಟ್ಟು ಹೋಗಬಾರದೆಂದು ಯಾರೋ ಹಿಂದೆ ಶುರುಮಾಡಿದ್ದು. ಸೀಸನ್ ಮುಗಿದ ಭಾನುವಾರ ಎಲ್ಲರೂ ಸೇರುವ, ತಮಿಳು ಮುಸ್ಲಿಮರು ನಡೆಸುವ ಮಾಮಾಕ್ ಎಂಬ ಚಹಾ-ತಿಂಡಿ ಅಂಗಡಿಯಲ್ಲಿ, ಹೊರಡುವವನು ತನ್ನ ಜೆರ್ಸಿಯನ್ನು ತೊಳೆದು ಮಡಿಸಿ ತಂದು, ಮುಂದಿನವನಿಗೆ ಎರಡೂ ಕೈಯಿಂದ ಕೊಡಬೇಕು. ಕೊಡುವಾಗ ಆ ಜಾಗದ ಬಗ್ಗೆ ತಾನು ಕಲಿತ ಒಂದು ಮಾತನ್ನು ಅವನ ಕಿವಿಯಲ್ಲಿ ಹೇಳಬೇಕು. ಆ ಮಾತು ಅವರಿಬ್ಬರದೇ. ಬೇರೆ ಯಾರೂ ಕೇಳುವಂತಿಲ್ಲ. ಮೊಣಕಾಲು ಕೈಕೊಟ್ಟಾಗ ಬೋರಯ್ಯ ತನ್ನ ಜೆರ್ಸಿಯನ್ನು ತಂಡದ ಕಿರಿಯ ಗಂಗಾಧರನಿಗೆ ಕೊಟ್ಟು, ತಾನು ಮೈದಾನದ ಗೆರೆಯ ಆಚೆ ನಿಂತು ಕೋಚ್ ಆದ. ಅಂದು ಏನು ಹೇಳಿದನೆಂದು ಅನಂತಕೃಷ್ಣನೂ ಕೇಳಲಿಲ್ಲ.

ಅದೇ ಮೇಜಿನ ಮೇಲೆ ಮುಂದಿನ ಸೀಸನ್ನಿನ ಸಾಲೂ ಸಿದ್ಧವಾಗುತ್ತಿತ್ತು. ಅಂಗಡಿಯವನನ್ನು ಎಲ್ಲರೂ ಕರೆಯುವುದು ಅಣ್ಣೆ ಎಂದೇ. ಅವನು ತರುವ ನಾಲ್ಕು ಲೋಟ ಚಹಾವೇ ನಾಲ್ವರು ಆಟಗಾರರು. ಬೋರಯ್ಯ ಲೋಟಗಳನ್ನು ಒಂದೇ ಗೆರೆಗೆ ಜೋಡಿಸುತ್ತಿದ್ದ. ಅನಂತಕೃಷ್ಣ ತನ್ನ ಸಕ್ಕರೆ ಕಡಿಮೆಯ ಲೋಟವನ್ನು ಪ್ರತಿ ಸಲವೂ ಒಂದು ಬೆರಳಿನಷ್ಟು ಹಿಂದಕ್ಕೆ ಎಳೆಯುತ್ತಿದ್ದ.

"ಗೆರೆ ಕೆಡಿಸ್ಬೇಡ ಕಣೋ," ಎಂದು ಬೋರಯ್ಯ ಮತ್ತೆ ಮುಂದೆ ನೂಕುತ್ತಿದ್ದ.

"ನಾನು ನಿಧಾನ ಮಾರಾಯ. ನಂಗೆ ಒಂಚೂರು ಹಿಂದೆಯೇ ಜಾಗ ಬೇಕು."

"ನಿಧಾನ ಅಂತ ಗೊತ್ತಿದ್ರೆ ಬಜ್ಜಿ ಕಮ್ಮಿ ತಿನ್ನು."

2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿತು. ಮುಂದಿನ ಸೀಸನ್ ಆಗಸ್ಟಿಗೆ ಎಂದರು, ಆಮೇಲೆ ಹೊಸ ವರ್ಷಕ್ಕೆ ಎಂದರು. ಮಾಮಾಕ್ ಅಂಗಡಿಯಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ ತಪಾವ್, ಅಂದರೆ ಮನೆಗೊಯ್ಯುವ ಕಟ್ಟು ಮಾತ್ರ ಕೊಡುತ್ತಿದ್ದರು. ಜನ ಪೊಟ್ಟಣ ಕಟ್ಟಿಸಿಕೊಂಡು ದೂರ ದೂರ ನಿಂತು ಹೋಗುತ್ತಿದ್ದರು. ಬಂದರು ಮಾತ್ರ ನಿಲ್ಲಲಿಲ್ಲ. ಬೋರಯ್ಯ ದಿನವೂ ಯಾರ್ಡಿಗೆ ಹೋಗಿ ಬಂದು, ಒಂಟಿ ಕೋಣೆಯಲ್ಲಿ ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟುಕೊಂಡು ಅನಂತಕೃಷ್ಣನಿಗೆ ವಿಡಿಯೋ ಕರೆ ಮಾಡುತ್ತಿದ್ದ. ಬೆಂಗಳೂರಿನ ಕರೆ ಮುಗಿದ ಮೇಲೆ ಅವನಿಗಿದ್ದ ಇನ್ನೊಂದು ಮನೆ ಅದೊಂದೇ.

ಎರಡನೆಯ ವರ್ಷದ ಜೂನ್‌ನಲ್ಲಿ ದೇಶವನ್ನು ಮತ್ತೆ ಪೂರ್ತಿ ಮುಚ್ಚಿದರು. ಹತ್ತು ಕಿಲೋಮೀಟರ್ ದಾಟಿದರೆ ಪೊಲೀಸರು ತಡೆಯುತ್ತಿದ್ದರು. ಆ ದಿನಗಳಲ್ಲೊಮ್ಮೆ ಅನಂತಕೃಷ್ಣನೇ ಕರೆ ಮಾಡಿದ.

"ಬೋರ, ನಾನು ಜೆರ್ಸಿ ಕೊಟ್ಟುಬಿಡ್ತೇನೆ. ಮೆಟ್ಟಿಲು ಹತ್ತುವಾಗ ಕಾಲು ಕೇಳುದಿಲ್ಲ. ಪೃಥ್ವಿಗೆ ಹೇಳು, ಗೇಟಿನ ಹತ್ರ ಬರ್ಲಿ. ಮಾಸ್ಕ್ ಹಾಕಿಯೇ ಕೊಡುವಾ."

ಪೃಥ್ವಿ ದೂರದ ಐಟಿ ಊರಾದ ಸೈಬರ್‌ಜಯಾದಲ್ಲಿ ಕೆಲಸ ಮಾಡುವ ಇಪ್ಪತ್ತಮೂರರ ತರುಣ. ಮೈಸೂರಿನವರ ಮಗ, ಇಲ್ಲೇ ಬೆಳೆದವನು. ಎರಡು ಸೀಸನ್ ಬೆಂಚಿನ ಮೇಲೆ ಕೂತು ಅನಂತಕೃಷ್ಣನ ಕಾಲನ್ನೇ ನೋಡಿದ್ದ.

"ಪೊಲೀಸ್ರು ಬಿಡಲ್ಲ ಕಣೋ," ಎಂದ ಬೋರಯ್ಯ.

"ಅವನ ಹತ್ರ ಆಫೀಸಿನ ಪತ್ರ ಉಂಟು. ಎಲ್ಲ ಕಡೆ ತಿರುಗ್ತಾನೆ."

"ಮೇಜಿಲ್ಲ, ಚಹಾ ಇಲ್ಲ. ಗೇಟಲ್ಲಿ ನಿಂತು ಕೊಡೋಕೆ ಅದೇನು ಹಾಲಿನ ಪ್ಯಾಕೆಟ್ಟಾ? ಇನ್ನೊಂದು ಸೀಸನ್ ಆಡು. ನೀನಿಲ್ದೆ ನಾನು ಈ ಸಾಲು ಹಾಕಲ್ಲ."

ಅನಂತಕೃಷ್ಣ ನಕ್ಕ. "ಆಯ್ತು ಮಾರಾಯ. ನಿನ್ನ ಹಟ."

ಮರುದಿನದಿಂದ ಅವನು ಸಂಜೆ ಜೆರ್ಸಿ ತೊಟ್ಟು, ತನ್ನ ಫ್ಲ್ಯಾಟಿನ ಉದ್ದನೆಯ ಹಜಾರದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದ. ಆಗಸ್ಟ್‌ನಲ್ಲಿ ಜ್ವರ ಬಂತು. ಉಸಿರು ಸಿಕ್ಕಿಕೊಂಡು ಆಂಬುಲೆನ್ಸ್ ಬಂದಾಗಲೂ ಮೈಮೇಲೆ ಅದೇ ಜೆರ್ಸಿ. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಅವನು ತೀರಿಹೋದ. ತಲೆಯಿಂದ ಕಾಲಿನವರೆಗೆ ಬಿಳಿ ಕವಚ ತೊಟ್ಟ ನಾಲ್ವರು ಮುಚ್ಚಿದ ಪೆಟ್ಟಿಗೆಯನ್ನು ಚಿತಾಗಾರದೊಳಗೆ ತಳ್ಳುವುದನ್ನು ಬೋರಯ್ಯ ಫೋನಿನಲ್ಲಿ ನೋಡಿದ. ತನ್ನ ಹೆಗಲಿಗೆ ಹೆಗಲಾಗಿ ನಿಂತವನನ್ನು ಯಾರೋ ಮುಖವಿಲ್ಲದವರು ಹೊತ್ತರು.

ಅಕ್ಟೋಬರ್‌ನಲ್ಲಿ ಮೈದಾನಗಳು ತೆರೆದವು. ಜನವರಿಯಿಂದ ಸೀಸನ್, ತಿಂಗಳ ಕೊನೆಯೊಳಗೆ ಪ್ರತಿ ತಂಡವೂ ಆಟಗಾರರ ಹೆಸರು ಕೊಡಬೇಕೆಂದು ಲೀಗ್‌ನವರು ತಿಳಿಸಿದರು. ಬೋರಯ್ಯ ಮಾಮಾಕ್ ಅಂಗಡಿಯಲ್ಲಿ ಒಬ್ಬನೇ ಕೂತ. ಅಣ್ಣೆ ಕೇಳದೆಯೇ ನಾಲ್ಕು ಲೋಟ ತಂದಿಟ್ಟ. ಅದರಲ್ಲೊಂದು ಸಕ್ಕರೆ ಕಡಿಮೆಯದು. ತಂದಿಟ್ಟ ಮೇಲೆ ತಾನು ಮಾಡಿದ್ದು ನೆನಪಾಗಿ, ಒರೆಸುವ ಬಟ್ಟೆಯನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ನಿಂತ. ಬೋರಯ್ಯ ಲೋಟಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಮೂರು ಲೋಟ ಜೋಡಿಸಿದ. ನಾಲ್ಕನೆಯದನ್ನು ಮುಟ್ಟಲಾಗದೆ, ಅದು ತಣ್ಣಗಾಗಿ ಕೆನೆ ಕಟ್ಟುವವರೆಗೂ ನೋಡುತ್ತ ಕೂತ.

ಮರುವಾರ ಅವನು ಹೊಸ ಜೆರ್ಸಿಯೊಂದನ್ನು ಹೊಲಿಸಿ, ಅನಂತಕೃಷ್ಣನದೇ ನಾಲ್ಕನೆಯ ನಂಬರ್ ಹಾಕಿಸಿ ಪೃಥ್ವಿಗೆ ಕೊಡಲು ಹೋದ. ಪೃಥ್ವಿ ಅದನ್ನು ನೋಡಿದನೇ ಹೊರತು ಕೈ ಚಾಚಲಿಲ್ಲ.

"ಸಾರಿ ಅಂಕಲ್. ದಿಸ್ ಒನ್ ಕ್ಯಾನಾಟ್ ಲಾ."

"ಯಾಕಪ್ಪ? ಅಳತೆ ಸರಿಯಿಲ್ವಾ?"

ಇಂಗ್ಲಿಷ್ ಬಿಟ್ಟು ಬೇರೇನೂ ಆಡದ ಆ ಹುಡುಗ ಆಗ ತಡವರಿಸುತ್ತ ಕನ್ನಡದಲ್ಲಿ ಕೇಳಿದ: "ಕೊಡೋರು ಯಾರು, ಅಂಕಲ್?"

ಬೋರಯ್ಯ ಜೆರ್ಸಿಯನ್ನು ಮತ್ತೆ ಮಡಿಸಿದ. ಕೊಡುವವನಿದ್ದಾಗ ಬೇಡವೆಂದವನು ಅವನೇ.

ಅನಂತಕೃಷ್ಣನ ಹೆಂಡತಿ ಜಲಜಾಕ್ಷಿಯ ಮನೆಗೆ ಅವನು ಹೋದದ್ದು ಒಂದು ಬೆಳಗ್ಗೆ. ಮೂರನೆಯ ಮಹಡಿಯ ಫ್ಲ್ಯಾಟ್. ಬಾಲ್ಕನಿಯಿಂದ ಬಂದರಿನ ಕ್ರೇನುಗಳು ಕಾಣುತ್ತವೆ. ಅವಳು ಕಾಫಿ ತಂದಿಟ್ಟು ಎದುರಿಗೆ ಕೂತಳು. ಅನಂತಕೃಷ್ಣ ಕೂರುತ್ತಿದ್ದ ಬೆತ್ತದ ಕುರ್ಚಿಯ ಮೇಲೆ ಆಸ್ಪತ್ರೆಯಿಂದ ಬಂದ ಪ್ಲಾಸ್ಟಿಕ್ ಚೀಲ ಗಂಟು ಬಿಚ್ಚದೆ ಇತ್ತು.

"ಜಲಜಕ್ಕ, ಅವನು ಜೂನ್‌ನಲ್ಲೇ ಕೊಡ್ತೀನಿ ಅಂದಿದ್ದ. ನಾನೇ ಬೇಡ ಅಂದೆ. ದಿನಾ ನೂರಾರು ಪೆಟ್ಟಿಗೆ ಜೋಡಿಸ್ತೀನಿ. ಹೊರಡೋಕೆ ನಿಂತಿದ್ದೋನ್ನ ತಗೊಂಡೋಗಿ ಅಡಿಗೆ ಹಾಕ್ಬಿಟ್ಟೆ."

"ನಾನು ಪಕ್ಕದಲ್ಲೇ ಇದ್ದೆ, ಬೋರಣ್ಣ. ಎಲ್ಲ ಕೇಳಿದೆ." ಅವಳು ಕುರ್ಚಿಯ ಕಡೆ ನೋಡದೆಯೇ ಹೇಳಿದಳು. "ಫೋನಿಟ್ಟ ಮೇಲೆ ಅವರು ಎಂತ ಹೇಳಿದ್ರು ಗೊತ್ತುಂಟಾ? 'ಬೋರ ಇನ್ನೊಂದು ವರ್ಷ ನನ್ನನ್ನು ಬಿಡುದಿಲ್ಲಂತೆ' ಅಂತ. ಅಷ್ಟು ಖುಷಿ. ಆ ದಿನ ಎರಡು ದೋಸೆ ಜಾಸ್ತಿ ತಿಂದ್ರು."

ಬೋರಯ್ಯನಿಗೆ ಇದು ಬೈಗುಳಕ್ಕಿಂತ ಭಾರವಾಗಿತ್ತು. ಬೈದಿದ್ದರೆ ಹೊತ್ತುಕೊಂಡು ಮನೆಗೆ ಹೋಗಬಹುದಿತ್ತು.

"ಪೃಥ್ವಿಗೆ ಎಂತ ಹೇಳಬೇಕು ಅಂತ್ಲೂ ಯೋಚಿಸಿಟ್ಟಿದ್ರು," ಎಂದಳು ಜಲಜಾಕ್ಷಿ. "ಊಟಕ್ಕೆ ಕೂತಾಗ ನನ್ನ ಮುಂದೆ ಎರಡು ಮೂರು ಸಲ ಹೇಳಿ ನೋಡಿದ್ದಾರೆ. ಹೀಗೆ ಹೇಳಿದ್ರೆ ಸರಿಯಾ, ಹಾಗೆ ಹೇಳಿದ್ರೆ ಸರಿಯಾ ಅಂತ. ನಂಗೆ ಬಾಯಿಪಾಠ ಉಂಟು."

"ಹಾಗಾದ್ರೆ ನೀವೇ ಕೊಡಿ ಅಕ್ಕ."

"ತೊಳೆದು ಕೊಡ್ಬೇಕಲ್ವಾ ನಿಮ್ಮ ಕ್ರಮ?"

"ತೊಳೀದಿದ್ರೂ ಪರವಾಗಿಲ್ಲ."

"ಇಲ್ಲ. ಅವರು ಹಾಗೆ ಕೊಡುವವರಲ್ಲ." ಅವಳು ಕೊನೆಗೂ ಕುರ್ಚಿಯ ಕಡೆ ತಿರುಗಿದಳು. "ಆದ್ರೆ ನನ್ನ ಕೈಲಿ ಆ ಗಂಟು ಬಿಚ್ಲಿಕ್ಕೆ ಆಗುದಿಲ್ಲ, ಬೋರಣ್ಣ. ಅವರ ವಾಸನೆ ಉಳಿದದ್ದು ಅದ್ರಲ್ಲಿ ಮಾತ್ರ. ನೀವು ತೊಳೀರಿ."

ಬೋರಯ್ಯ ಚೀಲವನ್ನು ಬಚ್ಚಲಿಗೆ ಒಯ್ದು ಬಾಗಿಲು ಹಾಕಿಕೊಂಡ. ಗಂಟು ಬಿಚ್ಚಿದ. ಮೊದಲು ಬಂದದ್ದು ಆಸ್ಪತ್ರೆಯ ಔಷಧಿಯ ವಾಸನೆ. ಅದರಡಿಯಲ್ಲಿ ತೆಳುವಾಗಿ, ಆಟ ಮುಗಿದ ಮೇಲೆ ಅನಂತಕೃಷ್ಣ ಹೆಗಲ ಮೇಲೆ ಕೈ ಹಾಕಿದಾಗ ಬರುತ್ತಿದ್ದ ಬೆವರು ಮತ್ತು ನೋವಿನ ಎಣ್ಣೆಯ ವಾಸನೆ. ಜೆರ್ಸಿಯನ್ನು ಬಿಡಿಸಿದಾಗ ಅದು ಎದೆಯ ನಡುವೆ ಕತ್ತಿನಿಂದ ಅಂಚಿನವರೆಗೂ ಸೀಳಿತ್ತು. ಅವಸರದಲ್ಲಿ ಬಿಚ್ಚಲಾಗದೆ ಕತ್ತರಿಯಿಂದ ಕತ್ತರಿಸಿದ್ದರು. ಬೋರಯ್ಯ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಹೊರಗೆ ಏನೂ ಕೇಳಿಸದಷ್ಟು ನೀರು ಬೀಳಲಿ ಎಂದು. ಆಮೇಲೆ ಸೋಪು ಹಚ್ಚಿ, ಮಗುವಿನ ಬಟ್ಟೆ ತೊಳೆಯುವಂತೆ ಉಜ್ಜದೆ ಹಿಂಡದೆ ತೊಳೆದ.

ಹೊರಗೆ ಬಂದಾಗ ಸೀಳನ್ನು ಮರೆಮಾಡಿ ಹಿಡಿದುಕೊಂಡಿದ್ದ. ಜಲಜಾಕ್ಷಿ ಕಂಡುಬಿಟ್ಟಳು. ಬಹಳ ಹೊತ್ತು ನೋಡಿ, ತಾನೇ ಈಸಿಕೊಂಡು ಬಾಲ್ಕನಿಯ ಹಗ್ಗದ ಮೇಲೆ ಹರವಿದಳು. ಬಿಸಿಲಿಗೆ ಅದು ಒಣಗುವವರೆಗೂ ಇಬ್ಬರೂ ಬಂದರಿನ ಕ್ರೇನುಗಳನ್ನು ನೋಡುತ್ತ ಕಾದರು. ಒಣಗಿದ ಮೇಲೆ ಅವಳು ಸೂಜಿದಾರ ತಂದು ಮಡಿಲಲ್ಲಿ ಹಾಕಿಕೊಂಡು ಕೂತಳು. ಗಂಟನ್ನು ಮುಟ್ಟಲಾರದವಳು ಸೀಳನ್ನು ಹೊಲಿದಳು. ಜೆರ್ಸಿಯ ನೀಲಿಗೆ ಹೊಂದುವ ದಾರ ಮನೆಯಲ್ಲಿರಲಿಲ್ಲ. ಬಿಳಿಯದರಲ್ಲೇ ಹೊಲಿದಳು.

ಭಾನುವಾರ ಪೃಥ್ವಿ ಬಂದ. ಕೊಡುವುದನ್ನು ನೋಡಬಾರದೆಂದು ಬೋರಯ್ಯ ಮೆಟ್ಟಿಲ ಕೆಳಗೇ ನಿಂತ. ಮೇಲೆ ಕಬ್ಬಿಣದ ಗೇಟು ತೆರೆದ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಪೃಥ್ವಿ ಇಳಿದು ಬಂದಾಗ ಮಾಸ್ಕಿನ ಮೇಲಿನ ಅಂಚು ಒದ್ದೆಯಾಗಿತ್ತು. ಜೆರ್ಸಿಯನ್ನು ಎದೆಗೆ ಒತ್ತಿಕೊಂಡಿದ್ದ.

"ಆಂಟಿ ಟೋಲ್ಡ್ ಮಿ," ಎಂದ.

"ಏನಂದ್ರು?"

ಮಾತು ಬಾಯಿಂದ ಜಾರಿಯೇ ಬಿಟ್ಟಿತು. ಆ ಸಾಲಿನಲ್ಲಿ ಯಾರೂ ಯಾರನ್ನೂ ಕೇಳಿರದ ಪ್ರಶ್ನೆ ಅದು. ಪೃಥ್ವಿ ಕಣ್ಣು ಕೆಳಗೆ ಹಾಕಿದ. ಬೋರಯ್ಯನೇ ಅವನ ಬೆನ್ನು ತಟ್ಟಿ, "ಬೇಡ ಬಿಡಪ್ಪ. ನಡಿ, ಚಹಾ ಕುಡಿಯೋಣ," ಎಂದ.

ಅಣ್ಣೆ ನಾಲ್ಕು ಲೋಟ ತಂದ. ಹೊಸಬನಿಗೆ ಸಕ್ಕರೆ ಎಷ್ಟೆಂದು ತಿಳಿಯದೆ ನಾಲ್ಕಕ್ಕೂ ಒಂದೇ ಸಮ ಹಾಕಿದ್ದ. ಬೋರಯ್ಯ ಅವನ್ನು ಸಾಲಾಗಿ ಇಟ್ಟ. ಬಲ ತುದಿಯಲ್ಲೊಬ್ಬ, ಅವನ ಪಕ್ಕ ಗಂಗಾಧರ, ಎಡ ತುದಿಯಲ್ಲಿನ್ನೊಬ್ಬ. ನಾಲ್ಕನೆಯ ಲೋಟವನ್ನು ಗಂಗಾಧರನ ಪಕ್ಕಕ್ಕೆ ತಂದು, ಗೆರೆಗೆ ಸರಿಯಾಗಿ ನಿಲ್ಲಿಸಿದ. ಪೃಥ್ವಿ ಒಳ್ಳೆ ಓಟಗಾರ. ಯಾರಿಗೂ ಹಿಂದೆ ನಿಲ್ಲಬೇಕಾದವನಲ್ಲ.

ಪೃಥ್ವಿ ಸ್ವಲ್ಪ ಹೊತ್ತು ಆ ಸಾಲನ್ನು ನೋಡಿದ. ಆಮೇಲೆ ಕೈ ಚಾಚಿ ತನ್ನ ಲೋಟವನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಎಳೆದ.

ಬೋರಯ್ಯ ಅದನ್ನು ಮುಂದೆ ನೂಕಲಿಲ್ಲ. ಅಣ್ಣೆಗೆ ಲೆಕ್ಕ ಹೇಳುವ ನೆಪದಲ್ಲಿ ಎದ್ದು, ಗಲ್ಲಾ ಪೆಟ್ಟಿಗೆಯ ಕಡೆ ಮುಖ ಮಾಡಿ ನಿಂತ. ಅಣ್ಣೆ ಟಿಶ್ಯೂ ಕಾಗದದ ಡಬ್ಬಿಯನ್ನು ಅವನ ಕಡೆ ಸರಿಸಿದ.