ಇವತ್ತು ಮನೆ ನಂದು

ಎದುರುಮನೆಯ ಅಜ್ಜಿಯ ಎಡಗಿವಿಯ ಹಾಲೆ ಎರಡು ಸೀಳಾಗಿ ಜೋತುಬಿದ್ದಿತ್ತು. ಕುರಿಮರಿಯೊಂದು ಓಲೆ ಕಚ್ಚಿ ಎಳೆದದ್ದು ಎಂದು ಒಮ್ಮೆ ಹೇಳಿದ್ದಳು, ಗಂಡ ಎಳೆದದ್ದು ಎಂದು ಇನ್ನೊಮ್ಮೆ. ಸತ್ತವರನ್ನು ನೆನೆಯುವಾಗ ಇಂಥ ಕಡೆ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಡುವುದು ರೂಢಿ. ನಾನು ಎರಡನ್ನೂ ಬರೆದಿಡುತ್ತೇನೆ. ಎರಡು ಸಲವೂ ಅವಳು ನಕ್ಕಿದ್ದಳು.

ಮಧುಗಿರಿಯ ನಮ್ಮ ಬೀದಿಯ ಆ ಬಾಡಿಗೆ ಮನೆಯಲ್ಲಿ ಮೂವರು ಮುದುಕಿಯರಿದ್ದರು. ಐ.ಡಿ.ಹಳ್ಳಿ ಕಡೆ ಕುರಿ ಕಾಯ್ದು ಬದುಕಿದ ಈ ಅಜ್ಜಿ, ಶಿರಾದಲ್ಲಿ ಬಳೆ ಮಾರುತ್ತಿದ್ದ ಬೀಬಿ, ಕೊರಟಗೆರೆಯ ನಿವೃತ್ತ ಟೀಚರಮ್ಮ. ಕಣ್ಣಿನ ಆಪರೇಷನ್ ಶಿಬಿರದಲ್ಲಿ ಪಕ್ಕಪಕ್ಕದ ಹಾಸಿಗೆ ಸಿಕ್ಕಿ, ಒಂದೊಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಒಬ್ಬರನ್ನೊಬ್ಬರು ಬಚ್ಚಲಿಗೆ ನಡೆಸಿಕೊಂಡು ಹೋದವರು. ಹೊರಡುವ ದಿನ, ಇನ್ನು ಒಟ್ಟಿಗೇ ಇರೋಣ ಎಂದು ಮಾತಾಡಿಕೊಂಡರಂತೆ. ಯಾರೂ ಅವರನ್ನು ಮನೆಯಿಂದ ಹೊರಹಾಕಿರಲಿಲ್ಲ. ಬೀದಿಯವರಿಗೆ ಅರಗದಿದ್ದದ್ದು ಇದೇ. ದೂಡಿಸಿಕೊಂಡು ಬಂದಿದ್ದರೆ ಮರುಗುತ್ತಿದ್ದರು. ಬೇಕೆಂದೇ ಬಂದದ್ದಕ್ಕೆ ಮೂಗು ಮುರಿದರು.

ಮನೆಯ ಕಟ್ಟಳೆ ಅಜ್ಜಿಯದು. ಹಲವು ಮನೆಗಳ ಕುರಿಗಳನ್ನು ಒಂದೇ ಮಂದೆ ಮಾಡಿ ಸರದಿಯ ಮೇಲೆ ಕಾಯುವ ಪದ್ಧತಿಯನ್ನು ಅವಳು ಹಾಗೇ ಇಲ್ಲಿಗೆ ತಂದಿದ್ದಳು. ದಿನಕ್ಕೊಬ್ಬರದು ಮನೆ. ಅಡುಗೆ ಏನು, ಕದ ಯಾರಿಗೆ ತೆರೆಯಬೇಕು, ಯಾರು ಯಾವ ಕೆಲಸ ಮಾಡಬೇಕು, ಎಲ್ಲ ಅವರ ಮಾತು. ಜ್ವರ ಬಂದರೂ ಸರದಿ ತಪ್ಪುತ್ತಿರಲಿಲ್ಲ, ಮಲಗಿದಲ್ಲಿಂದಲೇ ನಡೆಸಬೇಕು. ಮಂಡಿನೋವೆಂದು ಟೀಚರಮ್ಮ ತಮ್ಮ ದಿನವನ್ನು ಬಿಟ್ಟುಕೊಡಲು ಹೋದಾಗ ಅಜ್ಜಿ ಒಪ್ಪಲಿಲ್ಲ.

“ಸರದಿ ಬುಟ್ರೆ ಉಳಿಯಾದೇನು ಟೀಚರಮ್ಮ? ಬರೀ ಉಣ್ಣಾದು.”

ಒಮ್ಮೆ ಯಾವುದೋ ಟ್ರಸ್ಟಿನವರು ಬಾಳೆಹಣ್ಣು, ಬ್ಯಾನರು ಹಿಡಿದು ಬಂದು, ಮೂವರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಲು ಹೊರಟರು. ವೃದ್ಧಾಶ್ರಮವೆಂದು ಬೋರ್ಡು ಹಾಕಿಸಿಕೊಡುವುದಾಗಿಯೂ ಹೇಳಿದರು. ಅಜ್ಜಿ ಅವರ ಪೈಕಿ ದೊಡ್ಡವನಂತಿದ್ದವನ ಕೈಗೆ ಕೊಡ ಕೊಟ್ಟಳು. “ಇವತ್ತು ಮನೆ ನಂದು ಕಣಪ್ಪ. ನಲ್ಲೀಲಿ ನೀರು ಬತ್ತೈತೆ, ಹಿಡ್ಕಂಬಾ. ಆಮ್ಯಾಕೆ ಫೋಟ.” ಬೀಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಾಳೆಹಣ್ಣು ಮುಂದಿನ ಬೀದಿಗೆ ಹೋಯಿತು.

ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಅವಳ ಅಣ್ಣನ ಮಗ ಆಸ್ಪತ್ರೆಯಿಂದ ನೇರ ತನ್ನ ಊರಿಗೆ ಕರೆದೊಯ್ದ. ನಾವೇ ನೋಡಿಕೊಳ್ಳುತ್ತೇವೆ ಎಂದು ಬೀಬಿ, ಟೀಚರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. “ನಾವೆಲ್ಲ ಬದ್ಕಿರುವಾಗ ಕಂಡೋರ ಮನೇಲಿ ಸಾಯಾಕೆ ಬುಡ್ತೀವಾ? ಜನ ಉಗಿಯಾಕಿಲ್ವಾ?” ಎಲ್ಲಿ ಸಾಯಬೇಕೆಂದು ಅವನು ತೀರ್ಮಾನಿಸಿದ್ದ. ಎಲ್ಲಿ ಬದುಕುತ್ತೀಯೆಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಮುರಿದದ್ದು ಸೊಂಟ, ನಾಲಿಗೆಯಲ್ಲ.

ಬೀಬಿ, ಟೀಚರಮ್ಮನ ಜೊತೆ ನಾನೂ ನೋಡಲು ಹೋದೆ. ಒಳ್ಳೆಯ ಮಂಚ, ಫ್ಯಾನು, ಹೊತ್ತುಹೊತ್ತಿಗೆ ಮುದ್ದೆ, ಸಾರು. ಇದನ್ನು ಬರೆಯದಿದ್ದರೆ ನನ್ನ ಸಿಟ್ಟಿಗೆ ಅನುಕೂಲ. ಆದರೆ ಎಲ್ಲವೂ ಇತ್ತು. ಅಜ್ಜಿ ಅವರೆಕಾಯಿಯ ಮೊರ ಹತ್ತಿರಕ್ಕೆಳೆದುಕೊಂಡರೆ ಅಣ್ಣನ ಮಗನ ಹೆಂಡತಿ, ನಿಮಗ್ಯಾಕತ್ತೆ ಎಂದು ಪ್ರೀತಿಯಿಂದಲೇ ಕಿತ್ತುಕೊಂಡು ಹೋದಳು. ಏನನ್ನೂ ಮುಟ್ಟಲು ಬಿಡುವುದಿಲ್ಲವೆಂದು ಅಜ್ಜಿ ನಮ್ಮಲ್ಲಿ ದೂರಿಕೊಂಡಳು. ಆಮೇಲೆ ಕೇಳಿದಳು:

“ಇವತ್ತು ಯಾರ ಸರದಿ?”

“ನಿಂದೇ” ಎಂದರು ಟೀಚರಮ್ಮ. ಅಂದು ಬೀಬಿಯ ದಿನ. ಬೀಬಿಯೂ ಹೌದೆಂದು ತಲೆಯಾಡಿಸಿದಳು.

“ಅಂಗಾರೆ ಉಪ್ಸಾರು ಮಾಡ್ರಿ. ಬೀಬಿಗೆ ಖಾರ ಕಮ್ಮಿ. ನನ್ನ ಕರ್ಕಂಡೋಗ್ರಿ, ಮಂಚದ ಮ್ಯಾಲಿಂದ್ಲೇ ನಡೆಸ್ತೀನಿ.”

ಬಾಗಿಲಲ್ಲಿ ನಿಂತಿದ್ದ ಅಣ್ಣನ ಮಗ ಅವಳ ತಲೆಯ ಮೇಲಿಂದ ನಮ್ಮತ್ತ ನೋಡಿ ನಕ್ಕ, ಮಗುವಿನ ಮಾತಿಗೆ ದೊಡ್ಡವರು ನಗುವ ಹಾಗೆ. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸಂಕ್ರಾಂತಿಗೆ ಮೊದಲೇ ಅಜ್ಜಿ ತೀರಿಕೊಂಡಳು. ಮೈ ತೊಳೆಯಲು ಬೀಬಿ, ಟೀಚರಮ್ಮ ಮುಂದಾದಾಗ, ಅದನ್ನು ಮನೆಯವರೇ ಮಾಡಬೇಕು ಎಂದು ತಡೆದರು. ಇಬ್ಬರೂ ಅಂಗಳದ ಅಂಚಿನಲ್ಲಿ, ಹೊರಗಿನವರ ಜೊತೆ ನಿಂತರು. ಅಣ್ಣನ ಮಗ ಬಂದವರಿಗೆಲ್ಲ, ಅತ್ತೆಯನ್ನು ಹೇಗೆ ಸಾಕಿದೆವೆಂದು ಹೇಳುತ್ತಿದ್ದ. ಹಿರಿಯರು ತಲೆದೂಗುತ್ತಿದ್ದರು. ನಮ್ಮ ಬಳಿಗೂ ಬಂದ.

“ಒಂದು ಕಡ್ಡಿ ಎತ್ತಿಡಾಕೂ ಬುಡ್ಲಿಲ್ಲ ಅತ್ತೇನ.”

“ಹೌದಪ್ಪ” ಎಂದಳು ಬೀಬಿ. “ಅವಳೂ ಅದ್ನೇ ಹೇಳಿದ್ಲು.”

ಅವನು ಕಣ್ಣು ಒರೆಸಿಕೊಂಡು ಬೀಬಿಗೆ ಕೈಮುಗಿದ.