ಎಂಟನೇ ಭಾಗದ ನಾಯಿ

ರದ್ದಿ ಅಂಗಡಿಯೊಳಗ ಹಳೇ ಕಾಗದದ ಒಂದು ಘಾಟು ವಾಸನಿ ಇರ್ತದ ನೋಡ್ರಿ, ಮೂಗಿಗೆ ಸೆರಗು ಹಿಡಕೊಂಡೇ ಹೋಗಬೇಕು. ನಿನ್ನೆ ಬಸವಕಲ್ಯಾಣದಾಗ ಮಗನ ಹಳೇ ಪುಸ್ತಕ ಹಾಕಾಕ ಹೋಗಿದ್ದೆ. ತಕ್ಕಡಿ ಮ್ಯಾಲಿನ ಗಂಟಿನ್ಯಾಗ ಒಂದು ಪುಸ್ತಕದ ಹೊದಿಕಿ ಕಾಣ್ತು. ದಟ್ಟ ಕಾಡು, ನಡುವ ಒಂದು ಗುಡಿಸಲು, ಕಿಡಕ್ಯಾಗ ಹಳದಿ ಬೆಳಕು. "ಅಣ್ಣಾರ, ತಡೀರಿ ತಡೀರಿ, ಅದನ್ನ ತೂಗಬ್ಯಾಡ್ರಿ!" ಅಂತ ಒದರಿದೆ. ಅದು ಎಂಟನೇ ಭಾಗ. ಕಡೇ ಭಾಗ. ಇಪ್ಪತ್ತು ವರ್ಷದಿಂದ ನಾ ಹುಡುಕಿದ್ದು...

ಹೊದಿಕಿ ಕಂಡಕೂಡ್ಲೇ ಕಾಕು ನೆನಪಾದ್ಳು. ಸ್ವಂತ ಕಾಕು ಅಲ್ಲ, ಮುಡಬಿಯೊಳಗ ನಮ್ಮ ಬಾಜೂ ಮನಿಯಾಕಿ. ಊರಿಗೆಲ್ಲ ಆಕಿ ಕಾಕುನೇ. ನಾ ಹುಮನಾಬಾದಿನಿಂದ ಸೊಸಿ ಆಗಿ ಬಂದ ವರ್ಷ ಅದು. ತೊಗರಿ ಹೊಲದಾಗ ಕಳೆ ತೆಗೆಯಾಕ ಕೂತ್ರ ಎಲ್ಲಾರೂ ತಮ್ಮ ಸಾಲು ಮುಗಿಸಿ ನೀರು ಕುಡಿಯಾಕತ್ತಿರ್ತಿದ್ರು, ನಾ ಇನ್ನ ಅರ್ಧಕ್ಕ. ಖುರ್ಪಿ ಹಿಡಿದ್ರ ಕಳೆ ಉಳೀತಿತ್ತು, ತೊಗರಿ ಹೋಗ್ತಿತ್ತು! ಹೆಂಗಸ್ರು ಹೊಟ್ಟಿ ಹಿಡಕೊಂಡು ನಗೋರು. ನಂಗ ಅಳು ಬರ್ತಿತ್ತು.

ಒಂದಿನ ಊಟದ ಹೊತ್ತಿನ್ಯಾಗ ಬುತ್ತಿ ಗಂಟಿನಿಂದ ಪತ್ತೇದಾರಿ ಪುಸ್ತಕದ ಮೊದಲನೇ ಭಾಗ ತಗದು ಓದಾಕತ್ತಿದ್ದೆ. ಕಾಕುಗ ಅಕ್ಷರ ಬರ್ತಿದ್ದಿಲ್ಲ. "ಏನವಾ ಅದು? ಜೋರಾಗಿ ಓದು," ಅಂದ್ಳು. ಓದಿದೆ. ಕಾಡಿನ ನಟ್ಟನಡುವ ಇಪ್ಪತ್ತು ಮನಿಯ ಊರು. ಹೊರಗಿಂದ ರಸ್ತಾ ಇಲ್ಲ. ಭಾಗಕ್ಕೊಬ್ಬರ ಖೂನಿ ಆಗ್ತದ, ಮಾಡಾಂವ ಊರಾಗಿನವನೇ.

ನಮ್ಮ ಕಡಿ ಕಾಡೆಲ್ಲಿ ಬರಬೇಕು? ಬೇವಿನ ಗಿಡದ ಹಿಂದ ಅಡಗಿದ್ರ ಊರಿಗೆಲ್ಲ ಕಾಣಸ್ತೀರಿ! "ಕಾಡಂದ್ರ ಜ್ವಾಳ ಆಳೆತ್ತರ ಬೆಳೆದಂಗನಾ?" ಅಂತ ಕಾಕು ಕೇಳಿದ್ಳು. ಹೌದು ಅಂದೆ. ಸಾಕು, ಆಕಿ ಒಳಗ ಹೊಕ್ಕೇ ಬಿಟ್ಳು. ಊಟ ಮುಗೀತು, ಕಥಿ ಮುಗೀಲಿಲ್ಲ. ಕಾಕು ಎದ್ದು ಸೆರಗು ಸಿಗಿಸಿ ಹುಕುಂ ಮಾಡಿದ್ಳು: "ಈಕಿ ನಮ್ಮ ಮುಂದ ಕೂತು ಓದ್ಲಿ. ಈಕಿ ಸಾಲು ನಾವು ಹಂಚಿಕೊಳ್ಳೋಣು."

ಅವತ್ತಿನಿಂದ ನನ್ನ ಖುರ್ಪಿಗೆ ರಜಾ! ಅವರು ಸರಿದಂಗ ನಾನೂ ಸರೀತಿದ್ದೆ, ಓದ್ಕೋತ. ತವರಿಗೆ ಹೋದಾಗೆಲ್ಲ ಹುಮನಾಬಾದ್ ಬಸ್ ನಿಲ್ದಾಣದ ಪುಸ್ತಕದ ಅಂಗಡಿಯಿಂದ ಮುಂದಿನ ಭಾಗ ತರ್ತಿದ್ದೆ. ಎರಡನೇ ಭಾಗದಾಗೇ ಕಾಕು ಹೇಳಿದ್ಳು, "ಜೇನು ಮಾರಾಂವನೇ ಖೂನಿ ಮಾಡ್ಯಾನ. ಎಲ್ಲಾ ಮನಿ ಬಾಗಲಾ ಅವನಿಗೆ ತೆರೀತಾವ, ನೋಡು." ಉಳಿದವರು ನಕ್ರು. ಕಾಕು ಖುರ್ಪಿ ಎತ್ತಿ, "ಖರೇ ಏನಂತ ತಿಳೀದ ನಾ ಸಾಯಾಕಿ ಅಲ್ಲ!" ಅಂದ್ಳು.

ಏಳು ಭಾಗ ಆದ್ವು. ಎಂಟನೇದು ಸಿಗಲೇ ಇಲ್ಲ... ಕಳೆ ಕೆಲಸ ಮುಗಿಯಾಕ ಎರಡೇ ದಿನ ಉಳಿದಿದ್ವು. ಆಮ್ಯಾಲ ಕಾಕು ಉಮರ್ಗಾಕ್ಕ, ಮಗಳ ಮನಿಗೆ, ಅಲ್ಲೇ ಇರಾಕ ಹೊಂಟಿದ್ಳು. ತಿಳೀದನೇ ಕಳಸ್ಲಿ ಹ್ಯಾಂಗ? ನಾ ಹಳೇ ವಿಜ್ಞಾನದ ಪುಸ್ತಕಕ್ಕ ಪೇಪರ್ ಹೊದಿಕಿ ಹಾಕಿ, "ಬಂತ್ರೀ ಎಂಟನೇದು!" ಅಂತ ಕೂತೆ. ಬಾಯಿಗೆ ಬಂದದ್ದು ಓದಿದೆ. ಕಾಕುಗ ಖುಷಿ ಆಗ್ಲಿ ಅಂತ ಜೇನು ಮಾರಾಂವನ್ನೇ ಹಿಡಿಸಿ ಗಿಡಕ್ಕ ಕಟ್ಟಿಸಿದೆ. ಹೆಂಗಸ್ರು ಚಪ್ಪಾಳಿ ಹೊಡದ್ರು.

ಕಾಕು ಮಾತ್ರ ಖುರ್ಪಿ ಕೆಳಗಿಟ್ಟು ಕೇಳಿದ್ಳು: "ಮೂರನೇ ಭಾಗದಾಗ ಸತ್ತ ಕಾವಲುಗಾರನ ನಾಯಿ ಓಡಿ ಹೋಗಿತ್ತಲ್ಲ, ಅದೇನಾತು?"

ನಾ ಹಾಳಿ ತಿರುವಿ ಹುಡುಕಿದಂಗ ಮಾಡಿದೆ. ಆಕಿ ಬಾಜೂಕ ಬಂದು, ಯಾರಿಗೂ ಕೇಳಬಾರದಂಗ ಅಂದ್ಳು: "ಬರದಾಂವ ಇಷ್ಟು ದಿನ ಒಂದೂ ಮರ್ತಿಲ್ಲ. ಇವತ್ತು ಮರ್ತಾಕಿ ನೀನು. ನಾಳಿ ನಾಯಿ ಹುಡುಕಿ ತಾ, ನಿನ್ನ ಸಾಲು ನಾ ಹಿಡೀತೀನಿ."

ಮರುದಿನ ಹುಡುಕಿ ತಂದೆ! ನಾಯಿ ಹಳ್ಳದ ದಂಡಿಗೆ, ಮಾಲಕನ ಚಪ್ಪಲಿ ಕಾಯ್ಕೋತ ಕೂತಿತ್ತು ಅಂತ ಓದಿದೆ. ಕಾಕು ಕಣ್ಣು ಒರಸಿಕೊಂಡ್ಳು. ಬಸ್ ಹತ್ತೋವಾಗ ನನ್ನ ಕೈ ಹಿಡದು, "ನಿಂದು ಛಲೋ ಇತ್ತವಾ. ಆದ್ರ ಖರೇ ಪುಸ್ತಕ ಸಿಕ್ರ ಹೇಳಿ ಕಳಸು," ಅಂದ್ಳು. ಕಳಸ್ತೀನಿ ಅಂದೆ.

ನಿನ್ನೆ ಬಸ್ ನಿಲ್ದಾಣದ ಕಟ್ಟಿ ಮ್ಯಾಲ ಕೂತು ಅದನ್ನ ಒಂದೇ ಉಸಿರಿಗೆ ಓದಿದೆ. ಮುಡಬಿ ಬಸ್ ಎರಡು ಹೋದ್ವು. ಹೋಗ್ಲಿ! ಕಡೇಕ ಕೈಕೋಳ ಬಿದ್ದದ್ದು ಯಾರಿಗಂತೀರಿ? ಜೇನು ಮಾರಾಂವಗ! ಕೂತಲ್ಲೇ ಚಪ್ಪಾಳಿ ಹೊಡದೆ, ಬಾಜೂಕ ಕೂತ ಅಜ್ಜಾರು ಹೌಹಾರಿದ್ರು. ಆಮ್ಯಾಲ ನಾಯಿ ಹುಡುಕಿದೆ. ಎರಡು ಸಲ ಹಾಳಿ ತಿರುವಿದೆ. ಎಲ್ಲೂ ಇಲ್ಲ. ಬರದಾಂವನೇ ಮರ್ತಾನ!

ಫೋನು ಕೈಗೆ ಬಂದಿತ್ತು... ಯಾರಿಗೆ ಮಾಡ್ಲಿ? ಕಾಕು ಉಮರ್ಗಾದಾಗ ತೀರಿಕೊಂಡು ಆರು ವರ್ಷ ಆತು. ನಾ ಬರೇ ಆಕಿ ಖುಷಿಗೆ ಜೇನು ಮಾರಾಂವನ್ನ ಹಿಡಿಸಿದ್ದೆ ಅಂತನೇ ತಿಳಕೊಂಡು ಹೋದ್ಳು. ಆಕಿ ಖರೇನೇ ಗೆದ್ದಿದ್ಳು, ಆ ಮಾತು ಆಕಿಗೆ ಮುಟ್ಟಲೇ ಇಲ್ಲ. ಭಾಳ ಸಂಕಟ ಆಗ್ತದ.

ಇವತ್ತು ಮುಂಜಾನೆ ಪುಸ್ತಕದ ಕಡೇ ಖಾಲಿ ಹಾಳಿ ಮ್ಯಾಲ ಬರದೆ: ನಾಯಿ ಹಳ್ಳದ ದಂಡಿಗೆ ಕೂತಿತ್ತು, ಮಾಲಕನ ಚಪ್ಪಲಿ ಕಾಯ್ಕೋತ. ಅದರ ಕೆಳಗ ಇನ್ನೊಂದು ಸಾಲು: ಕಾಕು, ನೀ ಹೇಳಿದಾಂವನೇ.